ಅಂತಿಮ ಪಂದ್ಯದಲ್ಲಿ ಸೋತವನು ಎರಡನೆಯವನೆ?

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಣಗಳಲ್ಲಿ 2017ರ ನವೆಂಬರಿನಲ್ಲಿ ಬೆಂಗಳೂರು ಓಪನ್ ಪಂದ್ಯಾವಳಿ ನಡೆಯಿತು. ಪುರುಷರ ಸಿಂಗಲ್ಸ್ ವಿಭಾಗದ ಮುಖ್ಯ ಪಟ್ಟಿಯಲ್ಲಿ 32 ಆಟಗಾರರಿದ್ದರು. ಭಾರತದ ಸುಮಿತ್ ನಾಗಲ್ ಅಂತಿಮ ಪಂದ್ಯದಲ್ಲಿ ಬ್ರಿಟನ್ನಿನ ಜೇ ಕ್ಲಾರ್ಕ್ ಅವರನ್ನು ಸೋಲಿಸಿ ಪ್ರಶಸ್ತಿಯನ್ನು ಗಳಿಸಿದರು. ಇಂಥ ಪಂದ್ಯಾವಳಿಯ ಏರ್ಪಾಡಿನ ಹಿಂದೆ ಸೊಗಸಾದ ಗಣಿತವೊಂದು ಅಡಗಿದೆ. ಅದನ್ನು ಇಲ್ಲಿ ಪರಿಶೀಲಿಸೋಣ.

ಟೆನಿಸ್ ಪಂದ್ಯಾವಳಿಗಳು ಬಹುಮಟ್ಟಿಗೆ ನಾಕೌಟ್ ಪದ್ಧತಿಯಲ್ಲಿ ನಡೆಯುತ್ತವೆ. ಒಮ್ಮೆ ಸೋತವನು ಹೊರಕ್ಕೆ. ಗೆದ್ದವನು ಮುಂದಿನ ಸುತ್ತಿಗೆ. 32 ಮಂದಿ ಮೊದಲ ಸುತ್ತಿನಲ್ಲಿ 16 ಆಗುತ್ತಾರೆ. ಬಳಿಕ 8, 4, 2, ಕಡೆಗೆ ಒಬ್ಬ. ಒಟ್ಟು ಐದು ಸುತ್ತುಗಳು. ಹಾಗಾದರೆ ಪಂದ್ಯಗಳೆಷ್ಟು? ಕೂಡಿಸುವ ಶ್ರಮವೇ ಬೇಡ. ಪ್ರತಿಯೊಂದು ಪಂದ್ಯವೂ ಒಬ್ಬನನ್ನು ಮಾತ್ರ ಹೊರಕ್ಕೆ ಕಳುಹಿಸುತ್ತದೆ. ಒಬ್ಬನು ಉಳಿಯಬೇಕಾದರೆ 31 ಮಂದಿ ಹೊರಹೋಗಬೇಕು; ಆದುದರಿಂದ ಪಂದ್ಯಗಳು 31. ವಿಂಬಲ್ಡನ್ ಮೊದಲಾದ ನಾಲ್ಕು ಮಹಾ ಪಂದ್ಯಾವಳಿಗಳ ಸಿಂಗಲ್ಸ್ ಪಟ್ಟಿಯಲ್ಲಿ 128 ಆಟಗಾರರಿರುತ್ತಾರೆ. ಅಲ್ಲಿ ಏಳು ಸುತ್ತುಗಳು, 127 ಪಂದ್ಯಗಳು.

ಬಲಶಾಲಿಯಾದವನೇ ಪ್ರತಿಸಲವೂ ಗೆಲ್ಲುವನೆಂದು ಭಾವಿಸಿದರೆ, ಈ ಪದ್ಧತಿ ಮೊದಲನೆಯವನನ್ನು ತಪ್ಪದೆ ಗುರುತಿಸುತ್ತದೆ. ಆದರೆ ಎರಡನೆಯ ಬಹುಮಾನದ ಮಾತೇನು? ಅಂತಿಮ ಪಂದ್ಯದಲ್ಲಿ ಸೋತವನು ನಿಜವಾಗಿಯೂ ಎರಡನೆಯವನೆ?

ನಮಗೆ ಹತ್ತಿರದ ನಿದರ್ಶನವೊಂದನ್ನು ಕಲ್ಪಿಸಿಕೊಳ್ಳೋಣ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಎಂಟು ತಂಡಗಳ ಕಬಡ್ಡಿ ಪಂದ್ಯಾವಳಿ ಏರ್ಪಟ್ಟಿದೆ: ಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಸಂಡೂರು ಮತ್ತು ಹೊಸಪೇಟೆ. ಲೆಕ್ಕದ ಸಲುವಾಗಿ ಕೊಟ್ಟೂರಿನ ತಂಡ ಎಲ್ಲಕ್ಕಿಂತ ಬಲವಾದುದು, ಹೊಸಹಳ್ಳಿಯದು ಎರಡನೆಯದು ಎಂದಿಟ್ಟುಕೊಳ್ಳೋಣ. ಚೀಟಿ ಎತ್ತಿದಾಗ ಇವೆರಡೂ ಮೊದಲ ಸುತ್ತಿನಲ್ಲೇ ಎದುರುಬದುರಾದವು. ಹೊಸಹಳ್ಳಿ ಸೋತು ಮನೆಗೆ ನಡೆಯಿತು. ಕೊಟ್ಟೂರು ಮುಂದೆ ಕೂಡ್ಲಿಗಿಯನ್ನೂ, ಅಂತಿಮ ಪಂದ್ಯದಲ್ಲಿ ಹಡಗಲಿಯನ್ನೂ ಸೋಲಿಸಿತು. ಎರಡನೆಯ ಬಹುಮಾನ ಹಡಗಲಿಗೆ! ಹೊಸಹಳ್ಳಿಯ ಹುಡುಗರ ಲೋಪವಾದರೂ ಏನು? ಚೀಟಿ ಅವರಿಗೆ ಒಲಿಯಲಿಲ್ಲ, ಅಷ್ಟೆ.

ಇದು ಅಪರೂಪದ ಆಕಸ್ಮಿಕವೆಂದು ಬಗೆಯಬಾರದು. ಪಟ್ಟಿಯಲ್ಲಿ ಕೊಟ್ಟೂರಿನ ಸ್ಥಾನ ಗೊತ್ತಾದ ಮೇಲೆ ಹೊಸಹಳ್ಳಿಗೆ ಉಳಿಯುವ ಸ್ಥಾನಗಳು ಏಳು. ಅವುಗಳಲ್ಲಿ ನಾಲ್ಕು ಮಾತ್ರ ಪಟ್ಟಿಯ ಇನ್ನೊಂದು ಅರ್ಧದಲ್ಲಿವೆ. ಅಲ್ಲಿದ್ದರೆ ಮಾತ್ರ ಅದು ಅಂತಿಮ ಪಂದ್ಯವನ್ನು ಮುಟ್ಟಬಲ್ಲುದು. ಆದುದರಿಂದ ಎರಡನೆಯ ತಂಡಕ್ಕೆ ಎರಡನೆಯ ಬಹುಮಾನ ಸಿಕ್ಕುವ ಸಂಭವನೀಯತೆ 4/7. 32 ಮಂದಿಯಿದ್ದರೆ ಇದು 16/31. 128 ಮಂದಿಯಿದ್ದರೆ 64/127. ಎಂದರೆ, ನಾಣ್ಯವನ್ನು ಚಿಮ್ಮಿ ತೀರ್ಮಾನಿಸುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಈ ಅನ್ಯಾಯವನ್ನು 1883ರಲ್ಲಿಯೇ ಲೆಕ್ಕಹಾಕಿ ತೋರಿಸಿದವರು ಆಕ್ಸ್‌ಫರ್ಡಿನ ಗಣಿತಜ್ಞ ಚಾರ್ಲ್ಸ್ ಡಾಜ್‌ಸನ್. ಲೂಯಿಸ್ ಕ್ಯಾರೊಲ್ ಎಂಬ ಹೆಸರಿನಿಂದ ಆಲಿಸಳ ಕಥೆಯನ್ನು ಬರೆದು ಮಕ್ಕಳ ಮನಸ್ಸನ್ನು ಗೆದ್ದವರೂ ಇವರೇ. ಟೆನಿಸ್ ಪಂದ್ಯಾವಳಿಯೊಂದರಲ್ಲಿ ಬೇಗನೆ ಸೋತ ಆಟಗಾರನೊಬ್ಬನು, ತನಗಿಂತ ಕೀಳಾದವನಿಗೆ ಎರಡನೆಯ ಬಹುಮಾನ ದೊರೆತುದನ್ನು ಕಂಡು ಕೊರಗಿದ್ದೇ ತಮ್ಮ ವಿಚಾರಕ್ಕೆ ಪ್ರೇರಣೆಯೆಂದು ಅವರು ಬರೆದಿದ್ದಾರೆ.

ಟೆನಿಸ್ ಲೋಕ ಕಂಡುಕೊಂಡ ಪರಿಹಾರ ಬೇರೆ. ಹಿಂದಿನ ಸಾಧನೆಯ ಆಧಾರದ ಮೇಲೆ ಉತ್ತಮ ಆಟಗಾರರಿಗೆ ಶ್ರೇಯಾಂಕ ಕೊಟ್ಟು, ಅವರನ್ನು ಪಟ್ಟಿಯಲ್ಲಿ ದೂರದೂರಕ್ಕೆ ಇರಿಸುವುದು. ವಿಂಬಲ್ಡನ್ನಿನಲ್ಲಿ ಅರ್ಹತೆಯ ಪ್ರಕಾರ ಶ್ರೇಯಾಂಕ ನೀಡುವ ಪದ್ಧತಿ 1927ರಲ್ಲಿ ಬಂದಿತು. ಇಂಗ್ಲಿಷಿನಲ್ಲಿ ಇದನ್ನು ಸೀಡಿಂಗ್, ಎಂದರೆ ಬಿತ್ತನೆ, ಎನ್ನುವರು. ನಮ್ಮ ರೈತ ಕೂರಿಗೆಯಿಂದ ಬಿತ್ತುವಾಗ ಬೀಜಗಳನ್ನು ಒಂದೇ ಕಡೆ ಸುರಿಯದೆ ಸಾಲುಸಾಲಾಗಿ ಹರಡುವನಲ್ಲವೆ? ಹಾಗೆಯೇ ಒಂದನೆಯ ಮತ್ತು ಎರಡನೆಯ ಶ್ರೇಯಾಂಕದವರನ್ನು ಪಟ್ಟಿಯ ಬೇರೆ ಬೇರೆ ಅರ್ಧಗಳಲ್ಲಿ ಇರಿಸುತ್ತಾರೆ. ಅವರು ಸಂಧಿಸುವುದು ಅಂತಿಮ ಪಂದ್ಯದಲ್ಲಿ ಮಾತ್ರ. ಆದರೆ ಬಲಾಬಲ ಮೊದಲೇ ತಿಳಿದಿದ್ದರೆ ಮಾತ್ರ ಈ ಉಪಾಯ ಫಲಿಸೀತು. ಯಾರೂ ಕಂಡರಿಯದ ಹೊಸ ತಂಡಕ್ಕೆ ಶ್ರೇಯಾಂಕ ಕೊಡುವವರು ಯಾರು?

ಎಲ್ಲರೂ ಎಲ್ಲರೊಡನೆ ಆಡಿದರೆ ಸಂದೇಹಕ್ಕೆ ಎಡೆಯಿಲ್ಲ, ನಿಜ. ಆದರೆ ಆಗ 8 ತಂಡಗಳಿಗೆ 28 ಪಂದ್ಯಗಳು, 32 ಮಂದಿಗೆ 496, 128 ಮಂದಿಗೆ 8128 ಪಂದ್ಯಗಳು ಬೇಕು. ಒಂದು ವಾರದಲ್ಲಿ ಮುಗಿಯಬೇಕಾದ ಪಂದ್ಯಾವಳಿಗೆ ಇದು ಅಸಾಧ್ಯ. (28, 496, 8128 ಈ ಮೂರೂ ಪರಿಪೂರ್ಣ ಸಂಖ್ಯೆಗಳೆಂಬುದು ಒಂದು ಸ್ವಾರಸ್ಯ. ಪ್ರತಿಯೊಂದೂ ತನ್ನನ್ನು ಬಿಟ್ಟು ಉಳಿದ ತನ್ನ ಭಾಜಕಗಳ ಮೊತ್ತಕ್ಕೆ ಸಮ. 28 = 1 + 2 + 4 + 7 + 14.)

ಇನ್ನೂ ಒಂದು ಮಾರ್ಗವುಂಟು. ಕೊಟ್ಟೂರನ್ನು ಬಿಟ್ಟು ಬೇರೆ ಯಾರಿಗಾದರೂ ಸೋತ ತಂಡ ಎರಡನೆಯದಾಗಲಾರದು. ಅದಕ್ಕಿಂತ ಬಲವಾದ ತಂಡಗಳು ಆಗಲೇ ಎರಡಾದುವು. ಆದುದರಿಂದ ಎರಡನೆಯ ತಂಡವನ್ನು ಹುಡುಕಬೇಕಾದುದು ಕೊಟ್ಟೂರಿಗೆ ಸೋತವರಲ್ಲಿ ಮಾತ್ರ. ಅಂಥವು ಮೂರೇ: ಹೊಸಹಳ್ಳಿ, ಕೂಡ್ಲಿಗಿ, ಹಡಗಲಿ. ಮೊದಲಿನ ಎರಡು ತಂಡಗಳನ್ನು ಆಡಿಸಿ, ಗೆದ್ದವರನ್ನು ಹಡಗಲಿಯೊಡನೆ ಆಡಿಸಿದರೆ ಮುಗಿಯಿತು. ಏಳು ಪಂದ್ಯಗಳಿಗೆ ಇನ್ನೆರಡು ಸೇರಿ ಒಂಬತ್ತು. 32 ಮಂದಿಯಿದ್ದರೆ ಹೆಚ್ಚುವರಿ ಪಂದ್ಯಗಳು ನಾಲ್ಕು; 128 ಮಂದಿಗಾದರೂ ಆರೇ.

ಒಲಿಂಪಿಕ್ ಕುಸ್ತಿಯ ನಿಯಮದಲ್ಲಿ ಇದರ ಛಾಯೆಯನ್ನು ಕಾಣಬಹುದು. ಅಂತಿಮ ಪಂದ್ಯ ಮುಟ್ಟಿದವರಿಗೆ ಸೋತವರಿಗೆ ಅಲ್ಲಿ ಕಂಚಿನ ಪದಕಕ್ಕಾಗಿ ಮರಳಿ ಅವಕಾಶವುಂಟು. 2016ರಲ್ಲಿ ರಿಯೊ ನಗರದಲ್ಲಿ ಭಾರತದ ಸಾಕ್ಷಿ ಮಲಿಕ್ ಎಂಟರ ಘಟ್ಟದಲ್ಲಿ ಸೋತರೂ, ಅವರನ್ನು ಸೋಲಿಸಿದ ರಷ್ಯದ ಕುಸ್ತಿಪಟು ಅಂತಿಮ ಪಂದ್ಯ ತಲುಪಿದುದರಿಂದ ಮತ್ತೆ ಕಣಕ್ಕಿಳಿದು ಕಂಚು ಗೆದ್ದರು.

ನಿಜವಾದ ಆಟದಲ್ಲಿ ಬಲಶಾಲಿಯೇ ಸದಾ ಗೆಲ್ಲುವುದಿಲ್ಲವೆಂಬುದನ್ನು ನಾವು ಮರೆಯಬಾರದು. ಆಟದ ಸವಿಯಿರುವುದೂ ಅದರಲ್ಲಿಯೇ. ಆದರೆ ಶಾಲಾ ಕ್ರೀಡಾಕೂಟಗಳಲ್ಲಿ ಎರಡನೆಯ ಬಹುಮಾನಕ್ಕೂ ಬೆಲೆಯುಂಟು. ಮೊದಲ ಸುತ್ತಿನಲ್ಲಿ ಸೋತವರನ್ನೆಲ್ಲ ದುರ್ಬಲರೆಂದು ಕರೆಯುವ ಮುನ್ನ, ಅವರು ಯಾರಿಗೆ ಸೋತರೆಂಬುದನ್ನು ವಿಚಾರಿಸುವುದು ನ್ಯಾಯ. ವಿದ್ಯಾರ್ಥಿಗಳು ತಮ್ಮ ಶಾಲೆಯ ಮುಂದಿನ ಪಂದ್ಯಾವಳಿಯಲ್ಲಿ ಆ ಎರಡು ಹೆಚ್ಚಿನ ಪಂದ್ಯಗಳನ್ನು ಆಡಿಸಿ ನೋಡಲಿ. 16 ತಂಡಗಳಿದ್ದರೆ ಎಷ್ಟು ಬೇಕಾದೀತೆಂಬ ಲೆಕ್ಕವನ್ನು ಅವರಿಗೇ ಬಿಡುತ್ತೇವೆ.