ಯಾವ ಊರಿಗೆ ಅಂತ ಮೊದಲ ಹೇಳು

ನೋಡ ತಮ್ಮಾ, ನಿನ್ನ ಕೈ ಚುರುಕ ಐತಿ, ತಲಿನೂ ಚಲೋ ಐತಿ. ಆದ್ರ ಕಂಪೈಲರ್ ಹೇಳೂದನ್ನ ಪೂರಾ ಓದೂದ್ರೊಳಗ ಕೀಬೋರ್ಡಿಗೆ ಕೈ ಹಾಕ್ತಿ. ಅದಕ್ಕ ನಾಲ್ಕ ಮಾತು ಹೇಳತೇನಿ, ಕೇಳು.

ಸ್ಕಾಲಾ ಕೋಡಿನಾಗ ಜಾವಾದ ಲಿಸ್ಟ್ ಬೇಕಂತ ‘ನ್ಯೂ ಲಿಸ್ಟ್’ ಅಂತ ಬರದಿ. ಇದು ಅಬ್‌ಸ್ಟ್ರ್ಯಾಕ್ಟ್, ಇದರ ಆಬ್ಜೆಕ್ಟ್ ಮಾಡಾಕ ಬರೂದಿಲ್ಲ ಅಂತ ಕಂಪೈಲರ್ ಹೇಳ್ತು. ನೀ ಏನ್ ಮಾಡಿದಿ? ಮುಂದ ಕರ್ಲಿ ಬ್ರ್ಯಾಕೆಟ್ ಹಚ್ಚಿದಿ. ‘ಗೆಟ್’ ಎಲ್ಲೈತಿ, ‘ಸೈಜ್’ ಎಲ್ಲೈತಿ ಅಂತ ಅದು ಉದ್ದನ್ನ ಪಟ್ಟಿ ಕೊಡ್ತು. ಅಲ್ಲೆಲ್ಲಾ ಮೂರು ಮೂರು ಪ್ರಶ್ನಾರ್ಥಕ ಚಿಹ್ನಿ ತುಂಬಿ ಅದರ ಬಾಯಿ ಮುಚ್ಚಿಸಿದಿ. ಕಂಪೈಲ್ ಆತು ಖರೆ, ಓಡಿಸಿದ ಕೂಡಲೆ ಬಿತ್ತು.

ನಮ್ಮ ಅಳ್ನಾವರ ಜಂಕ್ಷನ್ನಿನಿಂದ ಒಂದು ದಾರಿ ಧಾರವಾಡಕ್ಕ, ಒಂದು ಲೋಂಡಾಕ್ಕ, ಇನ್ನೊಂದು ದಾಂಡೇಲಿ ಕಡೆ. ಕಿಡಕಿ ಮುಂದ ನಿಂತು ಬರೇ ‘ಟಿಕೀಟ ಕೊಡ್ರಿ’ ಅಂದ್ರ ಆಗೂದಿಲ್ಲ, ಊರ ಹೆಸರು ಹೇಳಬೇಕು. ಜಾವಾದ ಲಿಸ್ಟ್ ಬರೇ ಇಂಟರ್‌ಫೇಸ್. 1998ರಾಗ ಜಾವಾ 1.2 ಜೋಡಿ ಕಲೆಕ್ಷನ್ಸ್ ಬಂದಾಗಿಂದ ಹಂಗ ಐತಿ. ಆರೇಲಿಸ್ಟ್ ಅಂತ ಬಿಡಿಸಿ ಹೇಳು, ಬಹಳ ಸಲ ಅದ ಸಾಕು. ಮ್ಯಾಪ್ ಆದ್ರ ಹ್ಯಾಶ್‌ಮ್ಯಾಪ್. ಹಾಕಿದ ಕ್ರಮ ಉಳೀಬೇಕಂದ್ರ ಲಿಂಕ್ಡ್‌ಹ್ಯಾಶ್‌ಮ್ಯಾಪ್.

‘ಸ್ಕಾಲಾದ ಲಿಸ್ಟ್ ನ್ಯೂ ಇಲ್ಲದ ನಡೀತೈತಲ್ಲ’ ಅಂತಿ. ನಡೀತೈತಿ, ಆದ್ರ ಅದೂ ಅಬ್‌ಸ್ಟ್ರ್ಯಾಕ್ಟ್ ಕ್ಲಾಸೇ. ಅದರ ಕಂಪ್ಯಾನಿಯನ್ ಆಬ್ಜೆಕ್ಟಿನಾಗ ‘ಅಪ್ಲೈ’ ಅನ್ನೋ ಮೆಥಡ್ ಐತಿ, ಅದು ಕಟ್ಟಿ ಕೊಡ್ತೈತಿ. ಜಾವಾದ ಲಿಸ್ಟಿಗೆ ಆ ಅಪ್ಲೈ ಇಲ್ಲ. ಎರಡಕ್ಕೂ ಹೆಸರು ಒಂದ ಇರೂದಕ್ಕ ನಿನಗ ಗೊಂದಲ ಆಗ್ತೈತಿ. ಇಂಪೋರ್ಟ್ ಮಾಡುವಾಗನ ಜಾವಾದ್ದಕ್ಕ ‘ಜೆಲಿಸ್ಟ್’ ಅಂತ ಬ್ಯಾರೆ ಹೆಸರಿಡು.

ಇನ್ನೊಂದು ಐತಿ, ಇದು ಅದಕ್ಕಿಂತ ಕಾಡೂದು. ಸ್ಕಾಲಾ ಲಿಸ್ಟಿಗೆ ‘ಆ್ಯಸ್‌ಜಾವಾ’ ಅಂದ್ರ ಅದು ನಕಲು ಮಾಡೂದಿಲ್ಲ, ಮ್ಯಾಲೊಂದು ರ‍್ಯಾಪರ್ ಹಾಕ್ತೈತಿ ಅಷ್ಟ. ಒಳಗ ಇರೂದು ಬದಲಾಗದ ಲಿಸ್ಟ್. ಜಾವಾ ಕಡೆಯಾಂವ ‘ಆ್ಯಡ್’ ಅಂದ ಕೂಡಲೆ ಎಕ್ಸೆಪ್ಶನ್ ಬೀಳ್ತೈತಿ. ಕಂಪೈಲರ್ ಇದನ್ನ ಮೊದಲ ಹೇಳೂದಿಲ್ಲ, ಸರ್ವರ್ ಹೇಳ್ತೈತಿ, ಅದೂ ಮಧ್ಯರಾತ್ರಿಗೆ. ಅಂವಾ ಏನರ ಕೂಡಿಸಾಂವ ಇದ್ರ ಹೊಸ ಆರೇಲಿಸ್ಟಿನಾಗ ತುಂಬಿ ಕೊಡು.

ಈಗ ಹೋಗಿ ಮೊದಲ ಆ ಪ್ರಶ್ನಾರ್ಥಕ ಚಿಹ್ನಿ ಎಲ್ಲಾ ಅಳಿಸು. ಟೆಸ್ಟಿನಾಗ ಒಂದು ‘ಆ್ಯಡ್’ ಮಾಡಿ ನೋಡಿ, ಆಮ್ಯಾಲೆ ಕೋಡ್ ಕಳಿಸಪಾ.