ಅರವತ್ತನಾಲ್ಕು ವರ್ಷದ ಲೆಕ್ಕ

2024ರ ಜೂನ್ ತಿಂಗಳ ಒಂದು ಶನಿವಾರ ಸಂಜೆ, ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ನಾನು 1,41,700 ರೂಪಾಯಿಯ ಬಿಲ್ ಮಾಡಿಸಿದೆ. 11 ಇಂಚಿನ ಐಪ್ಯಾಡ್ ಪ್ರೊಗೆ 99,900, ಪೆನ್ಸಿಲ್ ಪ್ರೊಗೆ 11,900, ಮ್ಯಾಜಿಕ್ ಕೀಬೋರ್ಡಿಗೆ 29,900. ಅದೇ ಮೇಜಿನ ಇನ್ನೊಂದು ತುದಿಯಲ್ಲಿ 34,900ರ ಸಾದಾ ಐಪ್ಯಾಡ್ ಇತ್ತು. ಅದಕ್ಕೆ ಹೊಂದುವ ಯುಎಸ್‌ಬಿ-ಸಿ ಪೆನ್ಸಿಲ್‌ಗೆ 7,900. ಎರಡೂ ಸೇರಿ 42,800. ಎರಡು ಬಿಲ್ಲುಗಳ ನಡುವಿನ ವ್ಯತ್ಯಾಸ 98,900 ರೂಪಾಯಿ. ಆ ಹಣ ಏನು ಕೊಟ್ಟಿತು ಎಂದು ಹದಿನಾರು ತಿಂಗಳ ನಂತರ ಕುಳಿತು ಲೆಕ್ಕ ಹಾಕಿದ್ದೇನೆ.

ನಾನು ಕರಡು ತಿದ್ದುವವಳು. ಬಿಟ್ಟುಹೋದ ಒತ್ತು, ಜಾಗ ತಪ್ಪಿದ ಅರ್ಕಾವೊತ್ತು, ಸಾಲಿನ ತುದಿಯಲ್ಲಿ ತಪ್ಪಾಗಿ ಮುರಿದ ಪದ, ಇವುಗಳನ್ನು ಹುಡುಕಿ ಗುರುತು ಹಾಕುವುದು ನನ್ನ ಕೆಲಸ. ಪುಟಕ್ಕೆ 15 ರೂಪಾಯಿ. ವರ್ಷಕ್ಕೆ ಸುಮಾರು 14 ಪುಸ್ತಕ, ಒಂದೊಂದು ಸರಾಸರಿ 200 ಪುಟ. ಅಲ್ಲಿಯವರೆಗೆ ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿ, ಪುಟಪುಟವನ್ನೂ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದೆ. ಪ್ರಿಂಟ್ ತೆಗೆಸುವುದು, ಡಿಟಿಪಿಯವರಿಗೆ ನನ್ನ ಕೈಬರಹ ಅರ್ಥವಾಗದೆ ಫೋನ್ ಬರುವುದು, ಇವೆಲ್ಲ ಸಾಕಾಗಿತ್ತು. ಪಿಡಿಎಫ್ ಮೇಲೆ ನೇರವಾಗಿ ಬರೆಯುವ ಟ್ಯಾಬ್ಲೆಟ್ ನನಗೆ ನಿಜಕ್ಕೂ ಬೇಕಿತ್ತು. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಅನುಮಾನವಿಲ್ಲ.

ಅಂಗಡಿಯ ಹುಡುಗ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ. ಪ್ರೊನಲ್ಲಿ ಪುಟ ಸರಿಸಿದರೆ ಅಕ್ಷರಗಳು ನೀರಿನ ಮೇಲೆ ತೇಲಿದಂತೆ ಸರಿಯುತ್ತಿದ್ದವು. ಸೆಕೆಂಡಿಗೆ 120 ಸಲ ಹೊಸದಾಗುವ ಪರದೆ, ಕಪ್ಪು ಎಂದರೆ ಕಾಡಿಗೆಯಂಥ ಕಪ್ಪು, 5.3 ಮಿಲಿಮೀಟರ್ ದಪ್ಪ. ಸಾದಾ ಐಪ್ಯಾಡಿನಲ್ಲಿ ಗಾಜಿಗೂ ಚಿತ್ರಕ್ಕೂ ನಡುವೆ ಸಣ್ಣ ಸಂದು ಇರುವುದರಿಂದ ಪೆನ್ಸಿಲ್ಲಿನ ಮೊನೆ ಒಂದು ಕಡೆ, ಗೆರೆ ಕೂದಲೆಳೆಯಷ್ಟು ಆಚೆ ಕಾಣುತ್ತಿತ್ತು. 'ಮೇಡಂ, ಇದನ್ನ ತಗೊಂಡ್ರೆ ಐದು ವರ್ಷ ತಿರುಗಿ ನೋಡೋ ಹಾಗಿಲ್ಲ, ಕೀಬೋರ್ಡ್ ಹಾಕ್ಕೊಂಡ್ರೆ ಲ್ಯಾಪ್‌ಟಾಪೇ ಬೇಡ' ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಬೇರೆಯವರ ಮಟ್ಟಿಗೆ. ನನ್ನ ಕೆಲಸ ಏನು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೇಳಿದ್ದರೆ ಕೀಬೋರ್ಡ್ ಆ ಕ್ಷಣವೇ ಬಿಲ್ಲಿನಿಂದ ಹೊರಬೀಳುತ್ತಿತ್ತು. ನನಗೆ ಬರುವ ಕೆಲಸದಲ್ಲಿ ಕಾಲುಭಾಗ ಪಿಡಿಎಫ್ ಅಲ್ಲ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲು. ಯೂನಿಕೋಡ್ ಬಂದು ಇಷ್ಟು ವರ್ಷವಾದರೂ ಕನ್ನಡದ ಎಷ್ಟೋ ಡಿಟಿಪಿ ಮನೆಗಳಲ್ಲಿ ಹಳೆಯ ಆಸ್ಕಿ ಫಾಂಟುಗಳೇ ನಡೆಯುತ್ತಿವೆ, ಪುಟ ಕಟ್ಟುವುದು ಇನ್ನೂ ಪೇಜ್‌ಮೇಕರ್‌ನಲ್ಲೇ. ಅಂಥ ಮೊದಲ ಫೈಲನ್ನು ಹೊಸ ಟ್ಯಾಬ್ಲೆಟ್ಟಿನಲ್ಲಿ ತೆರೆದಾಗ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಗೀಟು, ಚುಕ್ಕೆ, ಟೋಪಿ. ಫಾಂಟ್ ಸೇರಿಸಿ ಓದುವ ದಾರಿ ಒಂದು ವಾರದಲ್ಲಿ ಗೊತ್ತಾಯಿತು. ಆದರೆ ತಿದ್ದಿ ವಾಪಸು ಕಳಿಸಲು ವಿಂಡೋಸ್‌ನಲ್ಲಿ ನಡೆಯುವ ನುಡಿ ತಂತ್ರಾಂಶವೇ ಬೇಕು. ಅಲ್ಲಿಗೆ ಎಂಟು ವರ್ಷದ ಹಳೆಯ ಲ್ಯಾಪ್‌ಟಾಪ್ ಅಟ್ಟದಿಂದ ಇಳಿಯಿತು. 3,500 ರೂಪಾಯಿ ಕೊಟ್ಟು ಎಸ್‌ಎಸ್‌ಡಿ ಹಾಕಿಸಿದೆ, ಈಗ ಓಡುತ್ತಿದೆ. 29,900ಕ್ಕೆ ಇನ್ನೊಂದಿಷ್ಟು ಸೇರಿಸಿದ್ದರೆ ಸಾಧಾರಣವಾದ ಹೊಸ ವಿಂಡೋಸ್ ಲ್ಯಾಪ್‌ಟಾಪೇ ಬರುತ್ತಿತ್ತು.

ಇನ್ನು ಮುಖ್ಯವಾದ ಲೆಕ್ಕಕ್ಕೆ ಬರುತ್ತೇನೆ. ದುಬಾರಿ ಪರದೆಯಿಂದ ಕೆಲಸ ಬೇಗ ಆಗುತ್ತದೆ ಅನ್ನುವುದು ನನ್ನ ಸಮರ್ಥನೆಯಾಗಿತ್ತು. ಅದನ್ನು ಪರೀಕ್ಷಿಸಲು ಪಕ್ಕದ ಮನೆಯವರ ಮಗನ ಸಾದಾ ಐಪ್ಯಾಡನ್ನೂ ಪೆನ್ಸಿಲನ್ನೂ ಎರಡು ದಿನಕ್ಕೆ ತಂದುಕೊಂಡೆ. ಒಂದೇ ಪುಸ್ತಕದ, ಒಂದೇ ಮಟ್ಟದ ತಪ್ಪುಗಳಿದ್ದ ಎರಡು ಫಾರಂ, ಅಂದರೆ 16 ಪುಟ ಇದರಲ್ಲಿ, 16 ಪುಟ ಅದರಲ್ಲಿ. ಅಡುಗೆಮನೆಯ ಗಡಿಯಾರ ಎದುರಿಗಿಟ್ಟುಕೊಂಡು ತಿದ್ದಿದೆ. ಪ್ರೊನಲ್ಲಿ 1 ಗಂಟೆ 22 ನಿಮಿಷ. ಸಾದಾದಲ್ಲಿ 1 ಗಂಟೆ 25 ನಿಮಿಷ. ಫಾರಮ್ಮಿಗೆ 3 ನಿಮಿಷ ಉಳಿತಾಯ.

200 ಪುಟದ ಪುಸ್ತಕವೆಂದರೆ ಹನ್ನೆರಡೂವರೆ ಫಾರಂ. ಮೂರರಂತೆ ಗುಣಿಸಿದರೆ ಪುಸ್ತಕಕ್ಕೆ 37.5 ನಿಮಿಷ. ಒಂದು ಪುಸ್ತಕಕ್ಕೆ ನನಗೆ ಸಿಗುವುದು 3,000 ರೂಪಾಯಿ, ಹಿಡಿಯುವುದು ಹೆಚ್ಚುಕಡಿಮೆ 17 ಗಂಟೆ, ಹಾಗಾಗಿ ನನ್ನ ಗಂಟೆಯ ಬೆಲೆ 176 ರೂಪಾಯಿ. ಆ ದರದಲ್ಲಿ 37.5 ನಿಮಿಷಕ್ಕೆ 110 ರೂಪಾಯಿ. ವರ್ಷಕ್ಕೆ 14 ಪುಸ್ತಕ ಅಂದರೆ 1,540 ರೂಪಾಯಿ. ಹೆಚ್ಚಿಗೆ ಕೊಟ್ಟ 98,900ನ್ನು 1,540ರಿಂದ ಭಾಗಿಸಿ. ಅಷ್ಟು ಹಣ ವಾಪಸು ಬರಲು 64 ವರ್ಷ ಬೇಕು. ಕೀಬೋರ್ಡಿನ ತಪ್ಪನ್ನು ಬದಿಗಿಟ್ಟು ಉಳಿದ 69,000ವನ್ನಷ್ಟೇ ಹಿಡಿದರೂ 45 ವರ್ಷದ ಹತ್ತಿರ. ನನಗೀಗ 51. ಅದೇ 98,900 ರೂಪಾಯಿಯನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ ತೆರಿಗೆಗೆ ಮುಂಚೆ ವರ್ಷಕ್ಕೆ ಸುಮಾರು 7,000 ಬರುತ್ತಿತ್ತು. ಪರದೆ ಉಳಿಸಿಕೊಟ್ಟದ್ದಕ್ಕಿಂತ ನಾಲ್ಕು ಪಟ್ಟಿಗೂ ಮಿಗಿಲು.

ಈ ಭಾಗಾಕಾರವನ್ನು ಅಂಗಡಿಗೆ ಹೋಗುವ ಮುಂಚೆ ಮಾಡಲು ಹತ್ತು ನಿಮಿಷ ಸಾಕಿತ್ತು. ಮಾಡದಂತೆ ನೋಡಿಕೊಂಡದ್ದು ನೋ ಕಾಸ್ಟ್ ಇಎಂಐ. 1,41,700 ಅಂದಾಗ ಎದೆ ಹಿಡಿದುಕೊಂಡದ್ದು ನಿಜ. ತಿಂಗಳಿಗೆ 11,808, ಹನ್ನೆರಡು ಕಂತು, ಬಡ್ಡಿ ಇಲ್ಲ ಅಂದಾಗ ಎದೆ ಸಡಿಲಾಯಿತು. ಈ ಯೋಜನೆಯ ಮೇಲೆ ನನಗೆ ತಾಳ್ಮೆ ಉಳಿದಿಲ್ಲ. ಹೆಸರೇ ತಪ್ಪು. ಬಡ್ಡಿಯನ್ನು ರಿಯಾಯಿತಿಯಂತೆ ಮೊದಲು ಬೆಲೆಯಲ್ಲಿ ಕಳೆದು, ಆಮೇಲೆ ಕಾರ್ಡಿನವರು ಅದನ್ನೇ ಬಡ್ಡಿಯಾಗಿ ವಸೂಲು ಮಾಡುತ್ತಾರೆ. ನನ್ನ ಸ್ಟೇಟ್‌ಮೆಂಟಿನಲ್ಲಿ ಬಡ್ಡಿ ದರ ಶೇ 16, ವರ್ಷದ ಬಡ್ಡಿ 11,550ರ ಆಸುಪಾಸು. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 2,080 ನನ್ನ ಕೈಯಿಂದ. ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ ಸೇರಿ 235. ಒಂದೇ ಸಲ ಪೂರ್ತಿ ಕೊಟ್ಟಿದ್ದರೆ ಅಂಗಡಿಯವರು 4,000 ಬಿಡುತ್ತಿದ್ದರು, ಅದೂ ಹೋಯಿತು. ಒಟ್ಟು 6,315 ರೂಪಾಯಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಅದೇ ಸರಕು ಬೇರೆ ಹೆಸರಿನಲ್ಲಿ ಇವತ್ತಿಗೂ ಪ್ರತಿ ಅಂಗಡಿಯ ಗಾಜಿನ ಮೇಲೆ ಅಂಟಿದೆ. ಕಂತಿನಲ್ಲಿ ಕೊಳ್ಳುವುದೇ ತಪ್ಪು ಅನ್ನುವುದಿಲ್ಲ. ಅಕ್ಕಿಗಿರಣಿಯ ಮೋಟರು ಕಂತಿನಲ್ಲಿ ಬಂದರೆ ಅದು ತನ್ನ ಕಂತನ್ನು ತಾನೇ ದುಡಿಯುತ್ತದೆ. ಆಸೆಗೂ ಬೆಲೆಗೂ ನಡುವೆ ಇರಬೇಕಾದ ಅಳುಕನ್ನೇ ತೆಗೆದುಹಾಕುವ ಈ ವ್ಯವಸ್ಥೆಯನ್ನು ಮಾತ್ರ ನಾನು ಒಪ್ಪಲಾರೆ. ಆ ಅಳುಕು ನಮ್ಮನ್ನು ಕಾಯುವಂಥದ್ದು.

ಹಣದ ಮಾತು ಬಿಟ್ಟು ಅಭ್ಯಾಸದ ಮಾತು ಸ್ವಲ್ಪ ಹೇಳಬೇಕು. ಹೊಸ ಕೆಲಸಕ್ಕೆ ಮನಸ್ಸು ಮಾಡಿದ ಕೂಡಲೇ ಹೊಸ ಸಾಧನ ಕೊಳ್ಳುವ ಅಭ್ಯಾಸ ನಮ್ಮಲ್ಲಿ ತುಂಬ ಜನರಿಗಿದೆ. ಸಂಗೀತಕ್ಕೆ ಸೇರುವ ಮುಂಚೆ ತಂಬೂರಿ, ನಡೆಯಲು ಶುರುಮಾಡುವ ಮುಂಚೆ ಎಂಟು ಸಾವಿರದ ಶೂ. ಕೊಂಡಾಗ ಅರ್ಧ ಕೆಲಸ ಮುಗಿಯಿತೆಂಬ ಸಮಾಧಾನ ಸಿಗುತ್ತದೆ. ನಾನು ವರ್ಷಕ್ಕೆ 20 ಪುಸ್ತಕ ಮಾಡುತ್ತೇನೆ, ಒಂದು ಕಥಾಸಂಕಲನ ಅನುವಾದಿಸುತ್ತೇನೆ ಅಂದುಕೊಂಡೇ ಪ್ರೊ ಕೊಂಡೆ. ಮಾಡಿದ್ದು ಅದೇ 14 ಪುಸ್ತಕ. ಒಂದು ವಾರದ ಸ್ಕ್ರೀನ್ ಟೈಮ್ ತೆಗೆದು ನೋಡಿದೆ. ಒಟ್ಟು 19 ಗಂಟೆ, ಅದರಲ್ಲಿ ಪಿಡಿಎಫ್ ಕೆಲಸ 8, ಯೂಟ್ಯೂಬ್ 7, ಉಳಿದದ್ದು ಪತ್ರಿಕೆ, ಮೇಲ್, ಅಡುಗೆ ವಿಡಿಯೊ. ಅನುವಾದದ ಫೈಲಿನಲ್ಲಿ ನಾಲ್ಕು ಪುಟವಿದೆ. ಹೊಸದನ್ನು ಕೊಳ್ಳುವವರನ್ನು ನಾನು ಕೇಳಿಕೊಳ್ಳುವುದು ಇಷ್ಟು: ಕೈಯಲ್ಲಿರುವ ಹಳೆಯದರಲ್ಲೇ, ಇಲ್ಲವೇ ಎರವಲು ತಂದದ್ದರಲ್ಲಿ, ಒಂದು ತಿಂಗಳು ಆ ಕೆಲಸ ಮಾಡಿ. ಎಲ್ಲಿ ಕೈ ತಡೆಯಿತು ಅಂತ ಚೀಟಿಯಲ್ಲಿ ಬರೆದಿಡಿ. ಅಂಗಡಿಗೆ ಆ ಚೀಟಿ ಹಿಡಿದು ಹೋಗಿ.

ಅಂಥ ಚೀಟಿ ನನ್ನ ಅಕ್ಕನ ಮಗಳ ಹತ್ತಿರ ಇತ್ತು. ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾಳೆ. 2025ರ ದಸರಾ ರಜೆಗೆ ಬಂದಾಗ ಊಟದ ಮೇಜಿನ ಮೇಲೆ ನನ್ನ ಪ್ರೊ ಇಟ್ಟುಕೊಂಡು ಒಬ್ಬ ಅಜ್ಜಿಯನ್ನು ಬಿಡಿಸಿದಳು. ಸೀರೆಯ ಅಂಚಿಗೆ ಪೆನ್ಸಿಲ್ ಒತ್ತಿದಾಗ ಗೆರೆ ದಪ್ಪವಾಯಿತು, ನೆರಿಗೆಗೆ ಬಂದಾಗ ಕೈ ಹಗುರ ಮಾಡಿದಳು, ಗೆರೆ ಎಳೆಯಾಗಿ ಕರಗಿತು. ಸಾದಾ ಐಪ್ಯಾಡಿನ ಯುಎಸ್‌ಬಿ-ಸಿ ಪೆನ್ಸಿಲ್ಲಿಗೆ ಈ ಒತ್ತಡ ತಿಳಿಯುವುದಿಲ್ಲ. 'ಚಿಕ್ಕಮ್ಮ, ನಂಗೆ ಪ್ರೊ ಬೇಕಾಗಿಲ್ಲ, ಏರ್ ಸಾಕು. ಆದ್ರೆ ಪೆನ್ಸಿಲ್ ಇದೇ ಬೇಕು' ಅಂದಳು. ಐಪ್ಯಾಡ್ ಏರ್‌ಗೆ ಆಗ 59,900, ಪೆನ್ಸಿಲ್ ಪ್ರೊಗೆ 11,900, ಒಟ್ಟು 71,800. ಸಾದಾ ಜೋಡಿಗಿಂತ 29,000 ಹೆಚ್ಚು. ಪುಟ ತುಂಬುವ ಚಿತ್ರಕ್ಕೆ ಅವಳಿಗೆ 1,200 ಸಿಗುತ್ತದೆ. 25 ಚಿತ್ರ ಬರೆದರೆ ಆ ಹೆಚ್ಚುವರಿ ಹಣ ತೀರಿತು, ಅದು ಅವಳಿಗೆ ಎರಡು ಪುಸ್ತಕದ ಕೆಲಸ. ಅವಳ ಮಟ್ಟಿಗೆ ದುಬಾರಿಯದ್ದೇ ಸರಿ, ಅದೂ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತ ದುಬಾರಿ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಎಂ5 ಚಿಪ್ಪಿನ ಹೊಸ ಪ್ರೊ ಅದೇ 99,900ಕ್ಕೆ ಬಂತು. ನನ್ನದಕ್ಕೆ ಸೆಕೆಂಡ್ ಹ್ಯಾಂಡ್ ಅಂಗಡಿಯವರು ಪೆನ್ಸಿಲ್ ಸೇರಿಸಿ ಹೇಳಿದ್ದು 52,000. ಅಕ್ಕನ ಮಗಳಿಗೇ 60,000ಕ್ಕೆ ಕೊಟ್ಟೆ, ತಿಂಗಳಿಗೆ ಐದು ಸಾವಿರದಂತೆ ಹನ್ನೆರಡು ತಿಂಗಳು, ನಿಜವಾಗಿಯೂ ಬಡ್ಡಿಯಿಲ್ಲದೆ. 1,41,700ರಲ್ಲಿ 60,000 ಕಳೆದು ಕಂತಿನ 6,315 ಕೂಡಿಸಿದರೆ ನನ್ನ ನಷ್ಟ 88,015. ಹದಿನಾರು ತಿಂಗಳಿಗೆ ಹಂಚಿದರೆ ತಿಂಗಳಿಗೆ 5,500, ಹೆಚ್ಚುಕಡಿಮೆ ಎರಡು ಪುಸ್ತಕದ ದುಡಿಮೆ. ಕೀಬೋರ್ಡನ್ನು ಅವಳೂ ಬೇಡ ಅಂದಳು. ಅದು ಡಬ್ಬಿಯಲ್ಲೇ ಇದೆ.

ನಾನು ಸಾದಾ ಐಪ್ಯಾಡ್ ಕೊಂಡೆ. ಬೆಲೆ ಆಗಲೂ 34,900, ಸ್ಟೋರೇಜ್ ಮಾತ್ರ 64 ಜಿಬಿ ಇದ್ದದ್ದು 128 ಆಗಿತ್ತು. ಪೂರ್ತಿ ಹಣ ಒಂದೇ ಸಲ ಕೊಟ್ಟೆ. ಗೆರೆ ಕೂದಲೆಳೆಯಷ್ಟು ಆಚೆ ಬೀಳುವುದು ಮೊದಲ ದಿನ ಕಣ್ಣಿಗೆ ಬಿತ್ತು, ಮೂರನೆಯ ದಿನಕ್ಕೆ ಮರೆತುಹೋಯಿತು. ಮೊನ್ನೆ ಅದರಲ್ಲಿ ಒಂದು ಆತ್ಮಕಥೆಯ ಮೊದಲ ಫಾರಂ ತಿದ್ದಿ ಮುಗಿಸಿದೆ. 1 ಗಂಟೆ 24 ನಿಮಿಷ ಆಯಿತು.