ನೀನು ಕೊಡದ ಆಪ್ಷನ್ನೂ ಓಡುತ್ತಿರುತ್ತದೆ

ತಮ್ಮಾ,

ಹೊಸ ಸರ್ವರ್ ಮೇಲೆ ಪೋಸ್ಟ್‌ಗ್ರೆಸ್ ಹಾಕಿದ್ದೀಯ. ಅದು ಸೆಕೆಂಡಿಗೆ ಎಷ್ಟು ಟ್ರಾನ್ಸಾಕ್ಷನ್ ತಡೆದುಕೊಳ್ಳುತ್ತದೆ ಎಂದು ಸೋಮವಾರದ ಮೀಟಿಂಗಿನಲ್ಲಿ ಹೇಳಬೇಕು ಅಂದೆ. ಅದನ್ನು ಅಳೆಯಲು ಪಿಜಿಬೆಂಚ್ ಓಡಿಸಿ ಬಂದ ಸಂಖ್ಯೆಯನ್ನು ನನಗೆ ಕಳಿಸಿದ್ದೀಯ, ಓಡಿಸಿದ ಕಮಾಂಡಿನ ಸಾಲನ್ನು ಮಾತ್ರ ಕಳಿಸಿಲ್ಲ. ಆ ಸಾಲಿಲ್ಲದೆ ಈ ಸಂಖ್ಯೆಗೆ ಅರ್ಥ ಹಚ್ಚಲು ನನ್ನಿಂದಾಗದು, ಮೀಟಿಂಗಿನಲ್ಲಿ ಕೂತವರಿಂದಲೂ ಆಗದು. ಅದಕ್ಕೇ ಮುಂಚೆಯೇ ನಾಲ್ಕು ಮಾತು ಹೇಳಿಬಿಡುತ್ತೇನೆ.

ಯಾವ ಆಪ್ಷನ್ನೂ ಕೊಡದೆ ಎಂಟರ್ ಒತ್ತಿದರೆ ಪಿಜಿಬೆಂಚ್ ನಿನ್ನನ್ನು ಏನೂ ಕೇಳುವುದಿಲ್ಲ. ಒಂದು ಕ್ಲೈಂಟ್, ಒಂದು ಥ್ರೆಡ್, ಬರೀ 10 ಟ್ರಾನ್ಸಾಕ್ಷನ್ ಎಂದು ತಾನೇ ಹಿಡಿದುಕೊಂಡು ಕ್ಷಣದಲ್ಲಿ ಮುಗಿಸುತ್ತದೆ. ಕೊನೆಗೆ ಟಿಪಿಎಸ್, ಅಂದರೆ ಸೆಕೆಂಡಿಗೆ ಇಷ್ಟು ಟ್ರಾನ್ಸಾಕ್ಷನ್, ಎಂದು ದಶಾಂಶ ಸಮೇತ ಒಂದು ಅಂಕಿ ಬರುತ್ತದೆ. ಅಷ್ಟು ನಿಖರವಾಗಿ ಕಾಣುವ ಅಂಕಿಯನ್ನು ಎಳೆಯರು ನಂಬಿಬಿಡುತ್ತಾರೆ ಎನ್ನುವುದೇ ನನ್ನ ಚಿಂತೆ. ನೀನು ಬಾಯಿಬಿಟ್ಟು ಹೇಳದ ಕಡೆಯೆಲ್ಲ ಆ ಪ್ರೋಗ್ರಾಂ ನಿನ್ನ ಪರವಾಗಿ ಉತ್ತರ ಕೊಟ್ಟಿರುತ್ತದೆ. ಆ ಉತ್ತರ ನಿಮ್ಮ ಅಪ್ಲಿಕೇಶನ್ನಿಗೆ ಒಪ್ಪುತ್ತದೆಯೇ ಎಂದು ನೋಡಬೇಕಾದವನು ನೀನೇ.

ಮೊದಲು, ಅದು ಓಡಿಸುವ ಕೆಲಸ ಯಾವುದೆಂದು ತಿಳಿದುಕೋ. 1985ರಲ್ಲಿ ಜಿಮ್ ಗ್ರೇ ಮತ್ತು ಜೊತೆಗಾರರು ಡೇಟಾಮೇಷನ್ ಪತ್ರಿಕೆಯಲ್ಲಿ ಬ್ಯಾಂಕಿನ ಜಮಾ-ಖರ್ಚನ್ನೇ ಡೇಟಾಬೇಸಿನ ಅಳತೆಗೋಲಾಗಿ ಮುಂದಿಟ್ಟರು. ಅದೇ ಮುಂದೆ ಟಿಪಿಸಿ-ಬಿ ಎಂಬ ಅಧಿಕೃತ ಪರೀಕ್ಷೆಯಾಯಿತು. 1995ರಲ್ಲಿ ಅದನ್ನು ಕೈಬಿಟ್ಟರು. ಅದರ ಹೋಲಿಕೆಯಲ್ಲೇ ಜಪಾನಿನ ತತ್ಸುವೊ ಇಶಿಯಿ ಪಿಜಿಬೆಂಚನ್ನು ಬರೆದರು, ಆಮೇಲೆ ಹಲವರು ಬೆಳೆಸಿದರು. ಒಂದು ಟ್ರಾನ್ಸಾಕ್ಷನ್ನಿನಲ್ಲಿ ಖಾತೆಯ ಬಾಕಿ ಬದಲಾಗುತ್ತದೆ, ಬಾಕಿಯನ್ನು ಓದಲಾಗುತ್ತದೆ, ಟೆಲ್ಲರ್‌ನ ಲೆಕ್ಕ, ಶಾಖೆಯ ಲೆಕ್ಕ ಬದಲಾಗುತ್ತವೆ, ಹಿಸ್ಟರಿಗೆ ಒಂದು ಸಾಲು ಸೇರುತ್ತದೆ. ನಿಮ್ಮದು ಟಿಕೆಟ್ ಬುಕಿಂಗೋ ಆಸ್ಪತ್ರೆಯ ದಾಖಲೆಯೋ ಆಗಿದ್ದರೆ, ಇದು ನಿಮ್ಮ ಕೆಲಸವಲ್ಲ ಎಂಬುದು ತಲೆಯಲ್ಲಿರಲಿ.

ಈಗ ಡ್ಯಾಶ್ ಐ. ಇದು ಟೇಬಲ್‌ಗಳನ್ನು ಕಟ್ಟಿ ಡೇಟಾ ತುಂಬುತ್ತದೆ. ಅದೇ ಹೆಸರಿನ ಟೇಬಲ್‌ಗಳು ಮೊದಲೇ ಇದ್ದರೆ ಅವನ್ನು ಅಳಿಸಿಯೇ ಕಟ್ಟುತ್ತದೆ. ಪರೀಕ್ಷೆಗೆಂದೇ ಬೇರೆ ಡೇಟಾಬೇಸ್ ಮಾಡಿಕೊ, ಅದರ ಹೆಸರನ್ನು ಕಮಾಂಡಿನಲ್ಲಿ ಬಾಯಿಬಿಟ್ಟು ಬರೆ. ಪ್ರೊಡಕ್ಷನ್ ಕಡೆಗೆ ಈ ಕಮಾಂಡ್ ಹೋಗಲೇಬಾರದು.

ಡ್ಯಾಶ್ ಐ ಜೊತೆ ಸಣ್ಣ ಎಸ್ ಕೊಡುತ್ತೀಯಲ್ಲ, ಸ್ಕೇಲ್, ಇಲ್ಲಿ ಸ್ವಲ್ಪ ನಿಲ್ಲು. ಸ್ಕೇಲ್ 1 ಅಂದರೆ ಒಂದು ಶಾಖೆ, 10 ಟೆಲ್ಲರ್, 1 ಲಕ್ಷ ಖಾತೆ. ಇದರ ಮೇಲೆ 50 ಕ್ಲೈಂಟ್ ಬಿಟ್ಟರೆ ಅಷ್ಟೂ ಮಂದಿ ಶಾಖೆಯ ಅದೊಂದೇ ಸಾಲನ್ನು ಬದಲಿಸಲು ಕ್ಯೂ ನಿಲ್ಲುತ್ತಾರೆ. ನಿನಗೆ ಸಿಗುವುದು ಲಾಕ್‌ಗಾಗಿ ಕಾದ ಹೊತ್ತು. ಡಿಸ್ಕಿನ ಶಕ್ತಿಯೂ ಸಿಪಿಯುವಿನ ಶಕ್ತಿಯೂ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಸ್ಕೇಲ್ ಯಾವಾಗಲೂ ಕ್ಲೈಂಟ್‌ಗಳ ಸಂಖ್ಯೆಗಿಂತ ಕಡಿಮೆಯಿರಬಾರದು. ಗಾತ್ರದ ಲೆಕ್ಕವೂ ಉಂಟು. ಸ್ಕೇಲ್ 100 ಅಂದರೆ 1 ಕೋಟಿ ಖಾತೆ, ಸುಮಾರು ಒಂದೂವರೆ ಜಿಬಿ. 16 ಜಿಬಿ ಮೆಮೊರಿಯ ಯಂತ್ರದಲ್ಲಿ ಅದೆಲ್ಲ ಮೆಮೊರಿಯಲ್ಲೇ ಕೂತುಬಿಡುತ್ತದೆ, ಓದಲು ಡಿಸ್ಕ್ ಬೇಕಾಗುವುದೇ ಇಲ್ಲ. ನಿಮ್ಮ ನಿಜವಾದ ಡೇಟಾ 200 ಜಿಬಿ ಇದ್ದರೆ ಈ ಅಂಕಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಇನ್ನೂ ಒಂದು ಕಡೆ ಹುಡುಗರು ಎಡವುತ್ತಾರೆ. ಸ್ಕೇಲನ್ನು ಡೇಟಾ ತುಂಬುವಾಗ ಕೊಡದೆ, ಪರೀಕ್ಷೆ ಓಡಿಸುವಾಗ ಕೊಡುತ್ತಾರೆ. ಆಗ ಟೇಬಲ್ ಒಂದಿಷ್ಟೂ ದೊಡ್ಡದಾಗುವುದಿಲ್ಲ. ಪಿಜಿಬೆಂಚ್ ಶಾಖೆಗಳ ಟೇಬಲ್ಲನ್ನೇ ಎಣಿಸಿ, ನೀನು ಕೊಟ್ಟ ಸ್ಕೇಲನ್ನು ಬದಿಗಿಟ್ಟು, ಹಾಗೆಂದು ಒಂದು ಎಚ್ಚರಿಕೆಯನ್ನೂ ಬರೆಯುತ್ತದೆ. ಅದನ್ನು ಓದದೆ ಕೊನೆಯ ಅಂಕಿಗೆ ಹಾರಬೇಡ.

ಸಣ್ಣಕ್ಷರ ದೊಡ್ಡಕ್ಷರದ ಬಗ್ಗೆ ಮೈಯೆಲ್ಲ ಕಣ್ಣಾಗಿರು. ಸಣ್ಣ ಸಿ ಕ್ಲೈಂಟ್‌ಗಳ ಸಂಖ್ಯೆ. ದೊಡ್ಡ ಸಿ ಕೊಟ್ಟರೆ ಪ್ರತಿ ಟ್ರಾನ್ಸಾಕ್ಷನ್ನಿಗೂ ಹೊಸ ಕನೆಕ್ಷನ್. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್ನಿಗೂ ಒಂದು ಪ್ರೋಸೆಸ್ ಹುಟ್ಟಿಸುವುದರಿಂದ ಅಂಕಿ ನೆಲಕಚ್ಚುತ್ತದೆ. ದೊಡ್ಡ ಎಸ್ ಬರೀ ಓದುವ ಪರೀಕ್ಷೆ. ಅದರಲ್ಲಿ ಅಂಕಿ ಎಷ್ಟೋ ಪಟ್ಟು ಏರುತ್ತದೆ. ಬರೆಯುವ ಕೆಲಸವೇ ಹೆಚ್ಚಿರುವ ವ್ಯವಸ್ಥೆಗೆ ಆ ಅಂಕಿ ತೋರಿಸಿದರೆ, ಅದನ್ನು ನಂಬಿ ಯಂತ್ರ ಕೊಳ್ಳುವವರಿಗೆ ಅನ್ಯಾಯ ಮಾಡಿದಂತೆ.

ಸಣ್ಣ ಟಿ ಟ್ರಾನ್ಸಾಕ್ಷನ್‌ಗಳ ಎಣಿಕೆ, ದೊಡ್ಡ ಟಿ ಸೆಕೆಂಡುಗಳ ಅವಧಿ. ಎರಡನ್ನೂ ಒಟ್ಟಿಗೆ ಕೊಡಲಾಗದು. ನೀನು ದೊಡ್ಡ ಟಿ ಹಿಡಿ. ಕೆಲವೇ ಸೆಕೆಂಡು ಓಡಿದ ಪರೀಕ್ಷೆಯನ್ನು ನಂಬಲೇಬೇಡ, ಅದಕ್ಕೆ ಕಾರಣವಿದೆ. ಸೆಟ್ಟಿಂಗ್ ಮುಟ್ಟದ ಪೋಸ್ಟ್‌ಗ್ರೆಸ್‌ನಲ್ಲಿ ಚೆಕ್‌ಪಾಯಿಂಟ್ ಐದು ನಿಮಿಷಕ್ಕೊಮ್ಮೆ ಬರುತ್ತದೆ. ಮೆಮೊರಿಯಲ್ಲಿ ಬದಲಾದ ಪುಟಗಳೆಲ್ಲ ಆಗ ಡಿಸ್ಕಿಗೆ ಇಳಿಯುತ್ತವೆ, ಅದರ ಬೆನ್ನಿಗೇ ಲಾಗ್ ಬರೆಯುವ ಹೊರೆಯೂ ಏರುತ್ತದೆ. ಎರಡು ನಿಮಿಷಕ್ಕೆ ಪರೀಕ್ಷೆ ಮುಗಿಸಿದರೆ ಈ ಕಷ್ಟವನ್ನು ನೀನು ನೋಡಿಯೇ ಇರುವುದಿಲ್ಲ. ನಿಮ್ಮ ಗ್ರಾಹಕರು ದಿನವಿಡೀ ನೋಡುತ್ತಾರೆ. ಅರ್ಧ ಗಂಟೆಯಾದರೂ ಓಡಲಿ, ಅಂದರೆ ದೊಡ್ಡ ಟಿಗೆ 1800. ಜೊತೆಗೆ ದೊಡ್ಡ ಪಿಗೆ 10 ಕೊಡು. ಹತ್ತು ಸೆಕೆಂಡಿಗೊಂದು ಸಾಲು ಬರುತ್ತಾ ಹೋಗುತ್ತದೆ, ವೇಗ ಎಲ್ಲಿ ಕುಸಿಯಿತು, ಎಷ್ಟು ಹೊತ್ತಿಗೆ ಚೇತರಿಸಿಕೊಂಡಿತು ಎಂಬುದು ಕಣ್ಣಿಗೇ ಕಾಣುತ್ತದೆ. ಸರಾಸರಿಯೊಳಗೆ ಈ ಕುಸಿತ ಮುಚ್ಚಿಹೋಗುತ್ತದೆ, ಅದನ್ನು ಬಿಚ್ಚಿ ತೋರಿಸುವುದರಿಂದಲೇ ನನಗೆ ಈ ಆಪ್ಷನ್ ಎಲ್ಲಕ್ಕಿಂತ ಇಷ್ಟ.

ಸಣ್ಣ ಜೆ ಥ್ರೆಡ್‌ಗಳದ್ದು. 50 ಕ್ಲೈಂಟ್‌ಗಳನ್ನು ಒಂದೇ ಥ್ರೆಡ್ ಹೊತ್ತು ತಿರುಗಿದರೆ ಸುಸ್ತಾಗುವುದು ಪಿಜಿಬೆಂಚೇ. ಥ್ರೆಡ್ ಹೆಚ್ಚಿಸು, ಸಾಧ್ಯವಾದರೆ ಪಿಜಿಬೆಂಚನ್ನು ಬೇರೆ ಯಂತ್ರದಿಂದ ಓಡಿಸು. ಸಣ್ಣ ಆರ್ ಕೊಟ್ಟರೆ ಯಾವ ಸ್ಟೇಟ್‌ಮೆಂಟಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬಿಡಿಬಿಡಿಯಾಗಿ ಹೇಳುತ್ತದೆ.

ಹೆಚ್ಚು ಮಂದಿ ಮುಟ್ಟದ ಆಪ್ಷನ್ ಒಂದಿದೆ, ದೊಡ್ಡ ಆರ್. ಸಾಮಾನ್ಯವಾಗಿ ಒಂದು ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಕ್ಲೈಂಟ್ ಮುಂದಿನದನ್ನು ಕಳಿಸುತ್ತದೆ. ಸರ್ವರ್ ನಿಧಾನವಾದರೆ ಕ್ಲೈಂಟೂ ಸುಮ್ಮನೆ ಕಾಯುತ್ತದೆ. ನಿಜವಾದ ಗ್ರಾಹಕರು ಹಾಗಲ್ಲ, ಸರ್ವರ್ ತಡವರಿಸುತ್ತಿದ್ದರೂ ಬರುತ್ತಲೇ ಇರುತ್ತಾರೆ. ದೊಡ್ಡ ಆರ್‌ಗೆ 500 ಎಂದು ಕೊಟ್ಟರೆ ಸೆಕೆಂಡಿಗೆ ಸರಾಸರಿ 500ರ ಲೆಕ್ಕದಲ್ಲಿ ಕೆಲಸಕ್ಕೆ ಹೊತ್ತು ನಿಗದಿಯಾಗುತ್ತದೆ, ನಿಗದಿಯಾದ ಹೊತ್ತಿನಿಂದಲೇ ಕಾಲ ಎಣಿಸಲಾಗುತ್ತದೆ. ಹಿಂದಿನದು ಮುಗಿಯಲೆಂದು ಕಾದದ್ದೂ ಆಗ ಲೆಕ್ಕಕ್ಕೆ ಬರುತ್ತದೆ. ‘ಎಷ್ಟು ತಡೆಯುತ್ತದೆ’ ಎಂದು ಕೇಳಿದವರು ಬಹುಮಟ್ಟಿಗೆ ತಿಳಿಯಬೇಕೆಂದಿರುವುದು ಇದನ್ನೇ: ನಮಗೆ ಬರುವಷ್ಟು ಮಂದಿ ಬಂದಾಗ ಒಬ್ಬೊಬ್ಬರೂ ಎಷ್ಟು ಕಾಯಬೇಕು?

ನಿಮ್ಮದೇ ಕ್ವೆರಿಗಳನ್ನು ಒಂದು ಫೈಲಿನಲ್ಲಿ ಬರೆದು ಸಣ್ಣ ಎಫ್ ಮೂಲಕ ಕೊಡು. ಬ್ಯಾಂಕಿನ ಟೇಬಲ್‌ಗಳು ಆ ಡೇಟಾಬೇಸಿನಲ್ಲಿ ಇಲ್ಲದಿದ್ದರೆ ಸಣ್ಣ ಎನ್ ಕೂಡ ಸೇರಿಸು, ಇಲ್ಲವಾದರೆ ಇಲ್ಲದ ಟೇಬಲ್‌ಗಳಿಗೆ ವ್ಯಾಕ್ಯೂಮ್ ಮಾಡಲು ಹೋಗುತ್ತದೆ. ಪ್ರತಿ ಸಲವೂ ಡೇಟಾವನ್ನು ಹೊಸದಾಗಿ ತುಂಬಿ, ಒಂದೇ ಸಾಲನ್ನು ಮೂರು ಸಲ ಓಡಿಸು. ಮೂರೂ ಅಂಕಿ ದೂರ ದೂರ ಬಿದ್ದರೆ ಆ ಯಂತ್ರದಲ್ಲಿ ಬೇರೇನೋ ನಡೆಯುತ್ತಿದೆ, ಮೊದಲು ಅದನ್ನು ಹುಡುಕು.

ಇಷ್ಟನ್ನೂ ಒಂದು ಶೆಲ್ ಸ್ಕ್ರಿಪ್ಟಿನಲ್ಲಿ ಬರೆದಿಡು. ಪೋಸ್ಟ್‌ಗ್ರೆಸ್ ಆವೃತ್ತಿ, ಮೆಮೊರಿ, ಬದಲಿಸಿದ ಸೆಟ್ಟಿಂಗ್‌ಗಳನ್ನು ಅದರ ತಲೆಯ ಮೇಲೇ ಕಾಮೆಂಟಾಗಿ ನಮೂದಿಸು. ಶನಿವಾರ ಸರ್ವರ್ ಬಿಡುವಾಗಿರುತ್ತದಲ್ಲ, ಆಗ ಓಡಿಸಿ ಸ್ಕ್ರಿಪ್ಟು ಮತ್ತು ಪೂರ್ತಿ ಔಟ್‌ಪುಟ್ ಎರಡನ್ನೂ ಕಳಿಸು. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಸಾಲು ಸಾಲಾಗಿ ನೋಡೋಣ.